ವಿಶಾಲಮ್ಮನ ಕೇರಂ ಬೇಸಿಗೆ

ನಿಟ್ಟೂರಿನ ದಾರಿಯಲ್ಲಿ ಸಿಗುವ ಆ ಸಣ್ಣ ಊರಿನಲ್ಲಿ ವಿಶಾಲಮ್ಮನಿಗೆ ಎರಡು ಹೆಸರಿದ್ದವು. ಎದುರಿಗೆ ಸಿಕ್ಕಾಗ ವಿಶಾಲಕ್ಕ. ಆಚೆ ಹೋದಮೇಲೆ ‘ಪುರಸೊತ್ತಿಲ್ಲದ ವಿಶಾಲಮ್ಮ’. ಯಾರ ಮನೆಗೆ ಹೋದರೂ ಹೊಸಿಲಲ್ಲೇ ನಿಂತು “ನಂಗೆಲ್ಲಿ ಪುರ್ಸೊತ್ತು ಮಾರಾಯ್ತಿ, ಈಗ ಹೊರಟೆ” ಎನ್ನುವುದು, ಆಮೇಲೆ ಒಳಗೆ ಬಂದು ಸಂಜೆ ದನ ಕೊಟ್ಟಿಗೆಗೆ ಬರುವವರೆಗೆ ಕೂರುವುದು ಅವಳ ಕ್ರಮ. ಅರವತ್ತು ದಾಟಿದ್ದರೂ ಆಟ ಎನ್ನುವುದನ್ನು ಆಡಿದವಳಲ್ಲ. ಬೇಸಿಗೆ ರಜೆಯಲ್ಲಿ ಮಕ್ಕಳು ಗೋಲಿ ಆಡುವುದು ಕಂಡರೆ, “ಹೊಟ್ಟೆ ತುಂಬಿದ್ದು ಹೆಚ್ಚಾತು ನಿಮ್ಗೆ” ಎಂದು ಬೈದೇ ಮುಂದೆ ಹೋಗುತ್ತಿದ್ದಳು.

ಅಂಥವಳು ಹೋದ ಬೇಸಿಗೆಯಲ್ಲಿ ಕೆಟ್ಟಳು. ಕೆಡಿಸಿದ್ದು ಪಂಚಾಯ್ತಿಯ ಗ್ರಂಥಾಲಯ.

ಅಲ್ಲಿನ ಮೇಲ್ವಿಚಾರಕಿ ದೀಪಶ್ರೀ ಹೊಸಬಳು, ಹುರುಪಿನವಳು. ಏಪ್ರಿಲ್ ಬರುತ್ತಿದ್ದಂತೆ ಆಟೋಗೆ ಮೈಕ್ ಕಟ್ಟಿಸಿ ಊರೆಲ್ಲ ಸಾರಿಸಿದಳು: ಮಕ್ಕಳಿಗೆ ಚಿತ್ರ, ಕಥೆ, ಹಾಡು, ಹುಡುಗರಿಗೆ ಕಂಪ್ಯೂಟರ್, ದೊಡ್ಡವರಿಗೆ ಬಿ.ಪಿ., ಶುಗರ್ ತಪಾಸಣೆ. ಕೇರಂ, ಚೆಸ್ ಇದೆ, ಎಲ್ಲ ವಯಸ್ಸಿನವರೂ ಬನ್ನಿ, ದುಡ್ಡಿಲ್ಲ. ವಿಶಾಲಮ್ಮ ಹೋದದ್ದು ಬಿ.ಪಿ.ಗೆ. ಸಾಲು ಉದ್ದವಿತ್ತು. ಫ್ಯಾನಿನ ಕೆಳಗೆ ಖಾಲಿಯಿದ್ದ ಒಂದೇ ಸ್ಟೂಲು ಕೇರಂ ಬೋರ್ಡಿನ ಪಕ್ಕದಲ್ಲಿತ್ತು.

“ವಿಶಾಲಕ್ಕಾ, ಸುಮ್ನೆ ಕೂತಿದೀರಲ್ಲ, ಒಂದು ಹೊಡೀರಿ” ಎಂದಳು ದೀಪಶ್ರೀ.

“ಎಂತ ಹೊಡಿಯದು? ನಂಗೆ ಪುರ್ಸೊತ್ತಿಲ್ಲೆ” ಎಂದಳು ವಿಶಾಲಮ್ಮ. ಎನ್ನುತ್ತಲೇ ಸ್ಟ್ರೈಕರ್ ಕೈಗೆತ್ತಿಕೊಂಡು ನೊಣ ಹೊಡೆಯುವ ಹಾಗೆ ಬೆರಳು ಚಿಮ್ಮಿದಳು. ಕಾಯಿಯೊಂದು ಅಂಚಿಗೆ ಬಡಿದು, ತಿರುಗಿ ಬಂದು, ಟಪ್ಪನೆ ಗುಂಡಿಗೆ ಬಿತ್ತು. ಅದು ಬೀಳಬಾರದಿತ್ತು. ಆ ಸದ್ದು ಕೇಳಿದ ಮೇಲೆ ವಿಶಾಲಮ್ಮ ಏಳಲಿಲ್ಲ. ನರ್ಸಮ್ಮ ಕರೆದು ಕರೆದು ಕೊನೆಗೆ ತಾವೇ ಅಲ್ಲಿಗೆ ಬಂದು, ಆಟದ ನಡುವೆಯೇ ತೋಳಿಗೆ ಪಟ್ಟಿ ಸುತ್ತಿ ನೋಡಿದರು. ಬಿ.ಪಿ. ಜಾಸ್ತಿ ತೋರಿಸಿತು. “ಉಪ್ಪು ಕಡಿಮೆ ಮಾಡಿ” ಎಂದರು. ಹೀಗೆ ಹೆಂಡತಿ ಕೇರಂ ಕಲಿತದ್ದಕ್ಕೆ ಗಂಡ ಭೂತಪ್ಪನ ಸಾರಿನಿಂದ ಉಪ್ಪು ಹೋಯಿತು.

ಮರುದಿನದಿಂದ ಸಾರೇ ಅಪರೂಪವಾಯಿತು. ಬೆಳಿಗ್ಗೆ ಗಂಜಿ ಇಳಿಸಿಟ್ಟು ಹೊರಟರೆ ಬರುವುದು ಮಧ್ಯಾಹ್ನ ಇಳಿದ ಮೇಲೆ, ಸೆರಗಿಗೆಲ್ಲ ಕೇರಂ ಪೌಡರ್. ಹಪ್ಪಳದ ಹಲಸಿನಕಾಯಿ ಕೊಟ್ಟಿಗೆಯಲ್ಲೇ ಹಣ್ಣಾಯಿತು.

“ನಿಂಗೆ ಎಂತ ಆಗಿದ್ಯೇ?” ಎಂದ ಭೂತಪ್ಪ.

“ಆರೋಗ್ಯಕ್ಕೆ ಒಳ್ಳೇದಂತೆ. ಸರ್ಕಾರದೋರೇ ಹೇಳ್ತಾರೆ.”

ಸರ್ಕಾರದ ಮಾತು ಅವಳು ಕೇಳಿದ್ದು ಅದೇ ಮೊದಲು. ಭೂತಪ್ಪ ಅಕ್ಕಿ ತೊಳೆಯಲು ಕೂತ.

ವಾರ ಕಳೆಯುವಷ್ಟರಲ್ಲಿ ಗ್ರಂಥಾಲಯದ ಬಾಗಿಲಲ್ಲಿ ಪಕ್ಕದ ಮನೆಯ ಕನ್ನಮ್ಮ ಕಾಣಿಸಿಕೊಂಡಳು. ಅವಳಿಗೂ ವಿಶಾಲಮ್ಮನಿಗೂ ಮಾತು ನಿಂತು ಎಷ್ಟೋ ವರ್ಷ. ಕನ್ನಮ್ಮನ ಮನೆಯ ಒಂದು ಸೀಮಂತಕ್ಕೆ ವಿಶಾಲಮ್ಮ ಜಾಡಿ ತುಂಬ ಅಪ್ಪೆಮಿಡಿ ಉಪ್ಪಿನಕಾಯಿ ಹೊತ್ತು ಹೋಗಿದ್ದಳು. ಕನ್ನಮ್ಮ ರುಚಿ ನೋಡಿ, ಹತ್ತು ಜನರ ಎದುರು, “ಹೋದ್ವರ್ಷದ್ದು ಚೆನ್ನಾಗಿತ್ತು” ಎಂದುಬಿಟ್ಟಳು. ಅಷ್ಟೇ. ಅಂದಿನಿಂದ ಇಬ್ಬರ ನಡುವಿನ ವ್ಯವಹಾರವೆಲ್ಲ ಬೀದಿನಾಯಿಯ ಮೂಲಕ. ನಲ್ಲಿಯಲ್ಲಿ ನೀರು ಬಂದರೆ ವಿಶಾಲಮ್ಮ ಬೇಲಿಯ ಹತ್ತಿರ ನಿಂತು ನಾಯಿಗೆ, “ನೀರು ಬಂತು ನೋಡು, ಆಮೇಲೆ ಇಲ್ಲ ಅನ್ಬೇಡ” ಎನ್ನುವಳು. ಆಚೆಯಿಂದ ಕೊಡದ ಸದ್ದು ಕೇಳುವುದು.

ವಿಶಾಲಮ್ಮ ಆಡುತ್ತಾಳೆಂದ ಮೇಲೆ ಕನ್ನಮ್ಮನಿಗೆ ಮನೆಯಲ್ಲಿ ನಿಲ್ಲಲಾಗಿರಲಿಲ್ಲ. ಬಂದಳು, ಕಲಿತಳು. ವಿಶಾಲಮ್ಮನದು ಹೊಡೆತವಾದರೆ ಇವಳದು ಗುರಿ. ಒಬ್ಬಳು ಆಡುವಾಗ ಇನ್ನೊಬ್ಬಳು ಪತ್ರಿಕೆಯಲ್ಲಿ ಮುಖ ಮುಚ್ಚಿಕೊಂಡು, ಪತ್ರಿಕೆಯ ಮೇಲಿನಿಂದ ನೋಡುತ್ತಿದ್ದಳು.

ಮೇ ತಿಂಗಳಲ್ಲಿ ಹೊಸನಗರದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆಯ ಹಿರಿಯರಿಗೆ ಬೇಸಿಗೆ ಆಟೋಟವೆಂದು ಸುದ್ದಿ ಬಂತು. ಮಹಿಳೆಯರಿಗೆ ಜೋಡಿ ಕೇರಂ. ಊರಿನಲ್ಲಿ ಆ ವಯಸ್ಸಿನ ಹೆಂಗಸರಲ್ಲಿ ಸ್ಟ್ರೈಕರ್ ಹಿಡಿಯಲು ಬರುತ್ತಿದ್ದದ್ದು ಇಬ್ಬರಿಗೇ. ದೀಪಶ್ರೀ ಇಬ್ಬರ ಹೆಸರನ್ನೂ ಕಳಿಸಿ, ಆಮೇಲೆ ಹೇಳಿದಳು. ವಿಶಾಲಮ್ಮ ಆಗುವುದಿಲ್ಲ ಎಂದಳು. ಕನ್ನಮ್ಮನೂ ಆಗುವುದಿಲ್ಲ ಎಂದಳು. ಸಂಜೆಯಾಗುವಷ್ಟರಲ್ಲಿ ಇಬ್ಬರೂ ಬೇರೆಬೇರೆಯಾಗಿ ಬಂದು, ಯಾವ ಬಸ್ಸಿಗೆ ಹೊರಡಬೇಕು ಎಂದು ಕೇಳಿಕೊಂಡು ಹೋದರು.

ಜೋಡಿ ಆಟದಲ್ಲಿ ಜೊತೆಯವರು ಎದುರುಬದುರು ಕೂರಬೇಕು. ಇಷ್ಟು ವರ್ಷ ಮುಖ ತಿರುಗಿಸಿಕೊಂಡು ಬಂದವರು ಈಗ ದಿನವೂ ಮುಖ ನೋಡುವಂತಾಯಿತು. ನಾಯಿಯ ಜಾಗಕ್ಕೆ ದೀಪಶ್ರೀ ಬಂದಳು.

“ಮೇಡಂ, ಎದುರಿಗಿದ್ದೋರಿಗೆ ಹೇಳಿ, ಅಷ್ಟು ಜೋರು ಹೊಡೆದ್ರೆ ಬೋರ್ಡು ಒಡೀತದೆ.”

“ಮೇಡಂ, ಅವ್ರಿಗೆ ಹೇಳಿ, ಗುರಿ ಹಿಡೀತಾ ಕೂತ್ರೆ ಮಳೆಗಾಲ ಬತ್ತದೆ.”

ಹೊಸನಗರದ ಸಭಾಭವನದಲ್ಲಿ ಆ ಬೆಳಿಗ್ಗೆ ಹಿರಿಯರದೇ ಗಲಾಟೆ. ತೀರ್ಪುಗಾರ ಯೋಗರಾಜ್ ನಿಯಮ ಹೇಳಿದರು: ಆಟದ ನಡುವೆ ಜೊತೆಯವರಿಗೆ ಸೂಚನೆ ಕೊಡುವ ಹಾಗಿಲ್ಲ, ಕೊಟ್ಟರೆ ಫೌಲ್. ಮೊದಲ ಸುತ್ತಿನಲ್ಲಿ ಇದರಿಂದ ಬಹಳ ಜನ ಕೆಟ್ಟರು. ಸಾಗರದ ಜೋಡಿ “ಎಡಕ್ಕೆ, ಎಡಕ್ಕೆ” ಎಂದು ಪಿಸುಗುಟ್ಟಿ ಸಿಕ್ಕಿಬಿದ್ದಿತು. ಇನ್ನೊಂದು ಜೋಡಿ ಕೆಮ್ಮುವ ಉಪಾಯ ಹೂಡಿ ಸಿಕ್ಕಿಬಿದ್ದಿತು. ವಿಶಾಲಮ್ಮ, ಕನ್ನಮ್ಮ ಮಾತ್ರ ಕಲ್ಲಿನ ಬೊಂಬೆಗಳಂತೆ ಕೂತು ಗೆದ್ದರು. ಯೋಗರಾಜ್ ಎಲ್ಲರಿಗೂ ಕೇಳುವ ಹಾಗೆ, “ಶಿಸ್ತು ಅಂದ್ರೆ ಇದು, ಕಲೀರಿ” ಎಂದರು. ದೀಪಶ್ರೀ ಕಿಟಕಿಯ ಹೊರಗೆ ನೋಡಿ ನಗು ನುಂಗಿದಳು.

ಕೊನೆಯ ಆಟ ತೀರ್ಥಹಳ್ಳಿಯ ಇಬ್ಬರು ನಿವೃತ್ತ ಮೇಷ್ಟ್ರಮ್ಮಂದಿರ ಜೊತೆ. ಅವರದು ಕರಿ ಕಾಯಿ, ಇವರದು ಬಿಳಿ. ಕನ್ನಮ್ಮ ಕೆಂಪು ಕಾಯಿಯನ್ನು ನಾಜೂಕಾಗಿ ಗುಂಡಿಗೆ ಹಾಕಿದಳು. ಅದರ ಹಿಂದೆಯೇ ಉಳಿದಿದ್ದ ತಮ್ಮ ಕೊನೆಯ ಬಿಳಿ ಕಾಯಿ ಹಾಕಿದರೆ ಗೆದ್ದಂತೆ. ಸೆಖೆಗೆ ಅವಳ ಕನ್ನಡಕ ಮೂಗಿನ ಮೇಲಿಂದ ಜಾರಿತ್ತು. ಸ್ಟ್ರೈಕರ್ ಮೆಲ್ಲನೆ ಸರಿಸಿ ಸರಿಸಿ, ಅವಳು ನೇರ ಕರಿ ಕಾಯಿಯ ಎದುರಿಗೇ ಇಟ್ಟ ಹಾಗೆ ವಿಶಾಲಮ್ಮನಿಗೆ ಕಂಡಿತು. ಕನ್ನಮ್ಮ ಬೆರಳು ಮಡಚಿದಳು.

“ಅಯ್ಯೋ ಕನ್ನೀ! ಅದು ಕರೀದು ಕಣೇ! ಬಿಳೀದು ಈಚೆ ಇದೆ!”

ಯೋಗರಾಜ್ ಬಹಳ ಬೇಸರದಿಂದ, ಶಿಸ್ತಿನ ಮೇಲಿನ ನಂಬಿಕೆಯೇ ಹೋದವರಂತೆ, “ಫೌಲ್” ಎಂದರು. ಕೆಂಪು ಕಾಯಿ ಮತ್ತೆ ನಡುವಿಗೆ ಬಂತು. ಸರದಿ ಮೇಷ್ಟ್ರಮ್ಮಂದಿರಿಗೆ ಹೋಯಿತು, ಆಟವೂ ಅವರದೇ ಆಯಿತು.

ಕನ್ನಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. “ಕಂಡಿತ್ತು ಕಣೇ ನಂಗೆ! ಅಂಚಿಗೆ ಬಡಿಸಿ ತಿರುಗ್ಸಿ ಬಿಳೀದನ್ನೇ ಹೊಡೀತಿದ್ದೆ. ಇಷ್ಟು ವರ್ಷ ಮುಚ್ಕೊಂಡಿದ್ದ ಬಾಯಿ ಇವತ್ತೇ ಬಿಡ್ಬೇಕಿತ್ತಾ ನಿಂಗೆ?”

“ನೀ ಹೊಡೀತಿದ್ದಿದ್ದು ಕಂಡಿದೀನಿ! ಕನ್ನಡಕ ಗಲ್ಲಕ್ಕೆ ಬಂದಿತ್ತು!”

ಎರಡನೇ ಬಹುಮಾನದ ಸ್ಟೀಲ್ ತಟ್ಟೆ ಇಸಕೊಳ್ಳುವಾಗಲೂ ಬಾಯಿ ನಿಲ್ಲಲಿಲ್ಲ. ದೀಪಶ್ರೀ ಹೊಸನಗರದಲ್ಲೇ ಉಳಿದಳು. ಇವರಿಬ್ಬರೂ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತರು, ಜಗಳ ದೂರದಿಂದ ಆಡುವುದು ಕಷ್ಟ ನೋಡಿ. ಅರ್ಧ ದಾರಿಗೆ ಕೇರಂ ಮುಗಿದು ಉಪ್ಪಿನಕಾಯಿ ಬಂತು. ಆ ವರ್ಷ ಮಿಡಿ ತಂದುಕೊಟ್ಟವನೇ ಮೋಸ ಮಾಡಿದ್ದನೆಂದು ವಿಶಾಲಮ್ಮ ಒಪ್ಪಿದಳು. ಬಾಯಿ ಜಾರಿತ್ತೆಂದು ಕನ್ನಮ್ಮನೂ ಒಪ್ಪಿದಳು. ಆಮೇಲೆ ಸೊಸೆಯಂದಿರು ಬಂದರು, ಮಂಡಿನೋವು ಬಂತು, ಸತ್ತವರು, ಹುಟ್ಟಿದವರು ಎಲ್ಲ ಬಂದರು. ಬರದೇ ಹೋದದ್ದು ಅವರ ಊರು. ಅದು ಹಿಂದೆ ಉಳಿದು, ಬಸ್ಸು ಮುಂದಿನ ಸ್ಟಾಪಿಗೆ ಹೋಗಿತ್ತು.

ಫೋನ್ ಬಂದಾಗ ಭೂತಪ್ಪ ಸ್ಕೂಟರ್ ತೆಗೆದುಕೊಂಡು ಹೊರಟ. ಹೊತ್ತು ಇಳಿಯುತ್ತಿತ್ತು. ಸ್ಟಾಪಿನ ಕಲ್ಲಿನ ಮೇಲೆ ಇಬ್ಬರೂ ಕೂತಿದ್ದರು.

“ಒಬ್ಬೊಬ್ರನ್ನೇ ಕರ್ಕೊಂಡು ಹೋಗ್ತೀನಿ, ಹತ್ತಿ” ಎಂದ.

ವಿಶಾಲಮ್ಮ ಕನ್ನಮ್ಮನ ಮುಖ ನೋಡಿದಳು. “ಮಾತು ಅರ್ಧಕ್ಕಿದೆ, ಮಾರಾಯ್ರೇ. ನೀವು ಈ ಚೀಲ ಇಟ್ಕೊಳ್ಳಿ” ಎಂದಳು.

ಇಬ್ಬರೂ ನಡೆದರು. ಭೂತಪ್ಪ ಎರಡು ಚೀಲ, ಎರಡು ತಟ್ಟೆ ಹೊತ್ತ ಸ್ಕೂಟರನ್ನು ಅವರ ಹಿಂದೆ ಹಿಂದೆ ನಿಧಾನಕ್ಕೆ ಬಿಟ್ಟುಕೊಂಡು ಬಂದ. ಏರು ಬಂದಲ್ಲೆಲ್ಲ ಇಂಜಿನ್ ನಿಲ್ಲುತ್ತಿತ್ತು, ಮುಂದಿನವರದು ನಿಲ್ಲಲಿಲ್ಲ.