ಬಿಸಿನೀರಮ್ಮನ ಕರುಗಳು

ನಮ್ಮ ಅತ್ತೆಗೆ ಎಲ್ಲರೂ ಇಟ್ಟಿರುವ ಹೆಸರು ಬಿಸಿನೀರಮ್ಮ. ಬೆನ್ನ ಹಿಂದೆ ಆಡಿಕೊಳ್ಳುವ ಹೆಸರಲ್ಲ. ಮುಖದೆದುರೇ ಕರೆಯುತ್ತಾರೆ, ಅತ್ತೆಯೂ ಸಲೀಸಾಗಿ ಓಗೊಡುತ್ತಾರೆ. ನಾವಿಬ್ಬರೂ ಕೆಲಸ ಮಾಡುವ ಡೈರಿಯಲ್ಲಿ ಕರುಗಳ ಕೊಟ್ಟಿಗೆ ಅವರದು, ಹಾಲು ಕರೆಯುವ ಕಡೆ ನನ್ನದು. ಅಂದರೆ ಮನೆಯಲ್ಲೂ ಅತ್ತೆ, ಕೆಲಸದಲ್ಲೂ ಅತ್ತೆ. ನನ್ನಂಥ ಪುಣ್ಯವಂತೆ ಇನ್ನೊಬ್ಬಳಿದ್ದರೆ ತೋರಿಸಿ.

ಬೆಳಿಗ್ಗೆ ಬಂದವರೇ ಅವರು ಮೊದಲು ನೋಡುವುದು ಬಾಯ್ಲರನ್ನು. ನೀರು ಕೈ ಸುಡುವಷ್ಟು ಕಾಯದೆ ಅಲ್ಲಿ ಯಾವ ಕೆಲಸವೂ ಶುರುವಾಗುವಂತಿಲ್ಲ. ಬಾಟಲಿ, ನಿಪ್ಪಲ್, ಬಕೆಟ್ಟು, ಎಲ್ಲವೂ ಸೋಪು ಹಾಕಿ ಉಜ್ಜಿಸಿಕೊಂಡು, ಬಿಸಿನೀರು ಹುಯ್ಯಿಸಿಕೊಂಡು, ಹಲಗೆಯ ಮೇಲೆ ಬೋರಲು ಮಲಗಿ ಒಣಗಬೇಕು. ಒಂದು ಕರುವಿನ ಬಾಟಲಿ ಇನ್ನೊಂದರ ಬಾಯಿಗೆ ಹೋಗಕೂಡದು. ಬಾಗಿಲಲ್ಲಿ ಔಷಧಿ ನೀರಿನ ತೊಟ್ಟಿ. ಅದರಲ್ಲಿ ಬೂಟು ಅದ್ದದೆ ಒಳಗೆ ಕಾಲಿಟ್ಟವರು ಕೆಟ್ಟರು. ಹಿಂಡಿ ತಂದ ಲಾರಿ ಡ್ರೈವರು ಒಮ್ಮೆ ತೊಟ್ಟಿಯನ್ನು ಹಾರಿ ದಾಟಿದ್ದ. ಅತ್ತೆ ಅವನನ್ನು ಹಾಗೇ ಹಿಂದಕ್ಕೆ ಹಾರಿಸಿ, ಅದ್ದಿಸಿ, ಮತ್ತೆ ಒಳಗೆ ಬಿಟ್ಟುಕೊಂಡರು. ಡೈರಿ ಯಜಮಾನರೂ ಇಸ್ತ್ರಿ ಪ್ಯಾಂಟು ಮಡಚಿಕೊಂಡು ಅದ್ದುತ್ತಾರೆ, ತುಟಿಪಿಟಕ್ಕೆನ್ನದೆ.

ಅತ್ತೆಯದು ಇನ್ನೊಂದು ಗುಣ. ಮೈ ಹುಷಾರಿಲ್ಲದವರನ್ನು ಕಂಡರೆ ಅವರಿಗೆ ಬೇರೆ ಯಾರೂ ಕಾಣುವುದಿಲ್ಲ. ಮನೆಯಲ್ಲಿ ಯಾರಿಗೆ ನೆಗಡಿಯೋ ಅವರಿಗೇ ಮೊದಲ ತಟ್ಟೆ, ಬಿಸಿಬಿಸಿಯಾಗಿ. ನಮ್ಮ ಮಾವನವರಿಗೆ ಇದು ಚೆನ್ನಾಗಿ ಗೊತ್ತು. ಊಟದ ಹೊತ್ತಿಗೆ ಸರಿಯಾಗಿ ಅವರಿಗೆ ಕೆಮ್ಮು ಶುರುವಾಗುತ್ತದೆ, ಊಟ ಮುಗಿಯುವ ಹೊತ್ತಿಗೆ ಮಾಯವಾಗುತ್ತದೆ. ನಾನು, ಒಂದು ದಿನವೂ ಕೆಮ್ಮದ ಗಟ್ಟಿ ಜೀವ, ತಳ ಹತ್ತಿದ್ದನ್ನು ತಿಂದುಕೊಂಡೇ ಬಂದಿದ್ದೇನೆ.

ಇಷ್ಟೆಲ್ಲ ಬಿಸಿನೀರು ಹರಿದರೂ ಆ ಸಲ ಕರುಗಳಿಗೆ ಭೇದಿ ಹತ್ತಿಕೊಂಡಿತು. ಹುಟ್ಟಿದಾಗ ಕುಣಿಯುತ್ತಿದ್ದ ಕರು ಕೆಲವೇ ದಿನಕ್ಕೆ ನೀರು ನೀರಾಗಿ ಹಾಕುವುದು, ಕಣ್ಣು ಗುಳಿ ಬೀಳುವುದು, ಕಿವಿ ತಣ್ಣಗಾಗುವುದು. ಒಂದು ಸುಧಾರಿಸಿತು ಎನ್ನುವಷ್ಟರಲ್ಲಿ ಇನ್ನೊಂದಕ್ಕೆ. ಎರಡು ಕರು ಕೈತಪ್ಪಿ ಹೋದವು. ಯಜಮಾನರು ಒಳ್ಳೆಯವರೇ, ಆದರೆ ಅವರಿಗೂ ಸಾಕಾಗಿತ್ತು. ಇನ್ನು ಕರು ಸಾಕುವುದೇ ಬೇಡ, ಹುಟ್ಟಿದ ದಿನವೇ ಪಕ್ಕದ ಡೈರಿಗೆ ಕಳಿಸಿಬಿಡೋಣ ಎಂದರು. ಅತ್ತೆ ಕೈಯಲ್ಲಿದ್ದ ಬಕೆಟ್ಟು ಕೆಳಗಿಟ್ಟು ಅವರನ್ನೇ ನೋಡಿದರು. ಆ ನೋಟಕ್ಕೆ ಯಜಮಾನರೇ ಹೆದರಿ, ಒಂದು ಮಾತು ಸೇರಿಸಿದರು: ಗೊಣಗಿಗೆ ಹುಟ್ಟುವ ಕರುವನ್ನು ನೋಡೋಣ, ಅದು ಭೇದಿಯಿಲ್ಲದೆ ಮೊದಲ ದಿನಗಳನ್ನು ದಾಟಿದರೆ ಕೊಟ್ಟಿಗೆ ಇರಲಿ, ಇಲ್ಲವಾದರೆ ಬೀಗ.

ಗೊಣಗಿ ಎಂದರೆ ಮೂಲೆಯ ಕಪ್ಪು ಹಸು. ಮೇವು ಹಾಕಿದರೂ ಗೊಣಗುತ್ತದೆ, ಹಾಕದಿದ್ದರೂ ಗೊಣಗುತ್ತದೆ. ತುಂಬು ಗಬ್ಬವಾಗಿ, ಇವತ್ತೋ ನಾಳೆಯೋ ಎನ್ನುವಂತಿತ್ತು.

ಬೀಗದ ಮಾತು ಬಂದದ್ದೇ ತಡ, ಅತ್ತೆಯ ಕಣ್ಣು ನನ್ನ ಮೇಲೆ ಬಿತ್ತು. ನಾನು ಕೆಚ್ಚಲು ಸರಿಯಾಗಿ ತೊಳೆಯುವುದಿಲ್ಲವಂತೆ. ಗಿಣ್ಣದ ಹಾಲನ್ನು, ಅಂದರೆ ಈದ ಕೂಡಲೇ ಬರುವ ಆ ಮೊದಲ ಹಾಲನ್ನು, ತಡಮಾಡಿ ಕಳಿಸುತ್ತೇನಂತೆ. ನನಗೆ ಮೈಯೆಲ್ಲ ಉರಿಯಿತು. ಗಿಣ್ಣದ ಹಾಲು ಬೇಗ ಹೊಟ್ಟೆಗೆ ಬಿದ್ದಷ್ಟೂ ಕರುವಿಗೆ ರೋಗ ತಡೆಯುವ ಶಕ್ತಿ ಎಂಬುದು ನನಗೆ ಗೊತ್ತಿಲ್ಲವೇ? ಕರು ಎದ್ದು ನಿಲ್ಲುವ ಮೊದಲೇ ಬಾಟಲಿ ತುಂಬಿಸಿ ಕೊಡುತ್ತಿದ್ದವಳು ನಾನು. ಅಷ್ಟೂ ಹೇಳಿ, ಇನ್ನೂ ಸ್ವಲ್ಪ ಜಾಸ್ತಿಯೇ ಹೇಳಿದೆ. ಆಮೇಲೆ ನಮ್ಮಿಬ್ಬರ ಮಾತು ಮಾವನ ಮೂಲಕ ನಡೆಯತೊಡಗಿತು. ಪಾಪ, ಅವರಿಗೆ ಕೆಮ್ಮಲೂ ಪುರುಸೊತ್ತಿಲ್ಲದಂತಾಯಿತು.

ದನದ ಡಾಕ್ಟರಮ್ಮ ಬಂದರು. ಬೂಟು ಅದ್ದಿದರು, ಕೈ ತೊಳೆದರು, ಒಂದು ಬಕೆಟ್ಟನ್ನು ಬೋರಲು ಹಾಕಿಕೊಂಡು ಕೂತರು. ನಿಮ್ಮ ಪಾಡಿಗೆ ನೀವು ಹಾಲು ಕುಡಿಸಿ, ನಾನು ನೋಡುತ್ತೇನೆ ಎಂದರು. ಅತ್ತೆ ಗತ್ತಿನಿಂದಲೇ ಬಾಟಲಿ ಎತ್ತಿಕೊಂಡರು. ನಾನು ಕಂಬಕ್ಕೆ ಒರಗಿ ನಿಂತೆ, ಯಾರ ತಪ್ಪು ಎಂದು ಇವತ್ತು ಗೊತ್ತಾಗಲಿ ಅಂತ.

ಅತ್ತೆ ಮೊದಲು ಹೋದದ್ದು ಸಣಕಲನ ಹತ್ತಿರ. ಆಗ ಭೇದಿಯಲ್ಲಿದ್ದವನು ಅವನೊಬ್ಬನೇ. ಚರ್ಮದೊಳಗೆ ಮೂಳೆ ಎಣಿಸಬಹುದಾದ ಗಂಡುಕರು. ಅತ್ತೆ ಹುಲ್ಲಿನ ಮೇಲೆ ಕೂತು, ಅವನ ತಲೆಯನ್ನು ತೊಡೆಗೆ ಎಳೆದುಕೊಂಡು, ಗದ್ದ ಸವರುತ್ತಾ ಕುಡಿಸಿದರು. ಅವನು ಅರ್ಧ ಕುಡಿದು, ಅರ್ಧ ಅವರ ಏಪ್ರನ್ನಿಗೆ ಜೊಲ್ಲು ಸುರಿಸಿದ. ಆಮೇಲೆ ಅತ್ತೆ ಎದ್ದು, ಮೊಣಕೈವರೆಗೂ ಬಿಸಿನೀರಲ್ಲಿ ಕೈ ತೊಳೆದು, ಬೇರೆ ಬಾಟಲಿ ಹಿಡಿದು, ಹಿಂದಿನ ದಿನ ಹುಟ್ಟಿದ ಕರುವಿನ ಹತ್ತಿರ ಹೋದರು. ಆ ಕರು ಬಾಟಲಿಗೆ ಬಾಯಿ ಹಾಕುವ ಮುಂಚೆ ಕರುಗಳೆಲ್ಲ ಮಾಡುವುದನ್ನೇ ಮಾಡಿತು. ಅತ್ತೆಯ ಏಪ್ರನ್ನಿನ ಅಂಚನ್ನು ಬಾಯಲ್ಲಿಟ್ಟುಕೊಂಡು ಚೀಪತೊಡಗಿತು.

ಡಾಕ್ಟರಮ್ಮ ಎದ್ದು ಬಂದು, ಮೆಲ್ಲಗೆ ಆ ಅಂಚನ್ನು ಕರುವಿನ ಬಾಯಿಂದ ಬಿಡಿಸಿದರು.

"ಅಮ್ಮಾ, ಯಾವಾಗ್ಲೂ ಅವನಿಂದಾನೇ ಶುರು ಮಾಡ್ತೀರಾ?" ಎಂದು ಕೇಳಿದರು.

"ಹುಷಾರಿಲ್ದೋರಿಗೆ ಮೊದಲು ಕೊಡೋದಲ್ವಾ ಡಾಕ್ಟ್ರಮ್ಮ?" ಎಂದರು ಅತ್ತೆ.

ಡಾಕ್ಟರಮ್ಮ ಗದರಲಿಲ್ಲ. ಮನುಷ್ಯರಲ್ಲಿ ಅದು ಸರಿ, ಇಲ್ಲಿ ಮಾತ್ರ ತಿರುಗುಮುರುಗು ಎಂದು ವಿವರಿಸಿದರು. ಆಗತಾನೇ ಹುಟ್ಟಿದ್ದಕ್ಕೆ ಮೊದಲು, ದೊಡ್ಡವಕ್ಕೆ ಆಮೇಲೆ, ಭೇದಿಯದಕ್ಕೆ ಎಲ್ಲಕ್ಕಿಂತ ಕೊನೆಗೆ; ಅದಕ್ಕೊಂದು ಬೇರೆ ಮೂಲೆ, ಬೇರೆ ಏಪ್ರನ್, ಬೇರೆ ಬೂಟು. ರೋಗದ ಕರುವಿನಿಂದ ಅಂಟಿದ್ದು ಕಣ್ಣಿಗೆ ಕಾಣದಷ್ಟಿದ್ದರೂ ಹಸುಗೂಸಿಗೆ ಅದೇ ಸಾಕು. ಅತ್ತೆ ತಲೆ ಬಗ್ಗಿಸಿ ತಮ್ಮ ಏಪ್ರನ್ ನೋಡಿಕೊಂಡರು. ಬಾಟಲಿ ತೊಳೆದಿದ್ದರು, ಬಕೆಟ್ಟು ತೊಳೆದಿದ್ದರು, ಲಾರಿ ಡ್ರೈವರನ್ನೂ ತೊಳೆದಿದ್ದರು. ತೊಳೆಯದೆ ಬಿಟ್ಟದ್ದು ತಮ್ಮ ಮಡಿಲೊಂದನ್ನೇ.

ನಾನು ಗೆದ್ದಿದ್ದೆ. ಕುಣಿದಾಡಬೇಕಿತ್ತು. ಮನಸ್ಸಿನಲ್ಲಿ ನಾಕು ಖಾರದ ಮಾತನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೆ. ಅತ್ತೆಯ ಮುಖ ನೋಡಿ ಅವನ್ನು ಅಲ್ಲೇ ಬಿಟ್ಟೆ. ಆ ಏಪ್ರನ್ನನ್ನು ನಾನೇ ಬಿಚ್ಚಿಸಿಕೊಂಡು ಹೋಗಿ ಕುದಿಯುವ ನೀರಿಗೆ ಹಾಕಿದೆ.

ಮರುದಿನ ಬೆಳಿಗ್ಗೆ ಗೊಣಗಿ ಗೊಣಗುತ್ತಲೇ ಕರು ಹಾಕಿತು. ಹೆಣ್ಣುಕರು, ತಾಯಿಯಷ್ಟೇ ಕಪ್ಪು. ಅತ್ತೆ ಅದರ ಹೊಕ್ಕುಳಿಗೆ ಅಯೋಡಿನ್ ಹಚ್ಚಿ, ಒಣಹುಲ್ಲು ಹೊಸದಾಗಿ ಹಾಸಿದರು. ನಾನು ಕೆಚ್ಚಲು ತೊಳೆದು ಒರೆಸಿ ಗಿಣ್ಣದ ಹಾಲು ಕರೆದೆ. ಅತ್ತೆ ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದರು, ಆದರೆ ಒಂದು ತಪ್ಪನ್ನೂ ಎತ್ತಿ ಆಡಲಿಲ್ಲ. ಮದುವೆಯಾದಂದಿನಿಂದ ಅಂಥ ಬೆಳಗು ನನಗೆ ಸಿಕ್ಕಿರಲಿಲ್ಲ.

ಕಷ್ಟ ಬಂದದ್ದು ಅಲ್ಲಿಂದ ಮುಂದೆ, ಸಣಕಲನ ಸರದಿ ಕೊನೆಗೆ ಹೋದ ಮೇಲೆ. ಅವನಿಗೆ ಅತ್ತೆಯ ಬೂಟಿನ ಸದ್ದು ಗೊತ್ತು. ಕೇಳಿದ್ದೇ ಅರಚುತ್ತಾನೆ. ಅತ್ತೆ ಅವನಿಗೆ ಕಾಣಬಾರದೆಂದು ಕೊಟ್ಟಿಗೆಯನ್ನು ಹಿಂದಿನಿಂದ ಸುತ್ತಿ, ಗಮ್ ಬೂಟಿನಲ್ಲೇ ತುದಿಗಾಲಲ್ಲಿ ನಡೆದು ಬರತೊಡಗಿದರು. ಅವರ ಗಾತ್ರಕ್ಕೆ ಆ ಕಳ್ಳ ಹೆಜ್ಜೆ ನೋಡಿ ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕಿದ್ದೇನೆ. ಅದೂ ದಂಡ. ಅವನು ಅರಚುತ್ತಲೇ ಇದ್ದ, ಇವರು ಗೊಣಗಿಯ ಕರುವಿಗೆ ಕುಡಿಸುತ್ತಾ ಕಣ್ಣೊರೆಸಿಕೊಳ್ಳುತ್ತಲೇ ಇದ್ದರು.

"ಅವನಿಗೆ ಏನಂತ ಹೇಳ್ಲಿ ನಾನು?" ಎಂದು ನನ್ನನ್ನೇ ಕೇಳಿದರು. ಅಷ್ಟು ದಿನಗಳ ಮೇಲೆ ನೇರವಾಗಿ ನನ್ನೊಡನೆ ಆಡಿದ ಮೊದಲ ಮಾತು ಅದು.

"ಏನೂ ಹೇಳ್ಬೇಡಿ ಅತ್ತೆ. ಬೇಗ ಕುಡಿಸಿ ಮುಗ್ಸಿ, ಅವನ ಹತ್ರ ಹೋಗಿ," ಎಂದೆ.

ದಿನಗಳು ಹೀಗೇ ಕಳೆದವು. ಗೊಣಗಿಯ ಕರು ಬಾಲ ಎತ್ತಿದಾಗಲೆಲ್ಲ ನಾವಿಬ್ಬರೂ ಓಡಿಹೋಗಿ ಬಗ್ಗಿ ನೋಡುತ್ತಿದ್ದೆವು. ಗಟ್ಟಿಯಾಗಿಯೇ ಹಾಕಿತು. ಮರುದಿನವೂ, ಅದರ ಮರುದಿನವೂ. ಭಯದ ದಿನಗಳು ದಾಟಿದವು ಎಂದು ಡಾಕ್ಟರಮ್ಮ ಹೇಳಿದ ಬೆಳಿಗ್ಗೆ ಅತ್ತೆ ಯಜಮಾನರನ್ನು ತಿಂಡಿಯ ಮುಂದಿನಿಂದ ಎಬ್ಬಿಸಿಕೊಂಡು ಬಂದು, ಆ ಸಗಣಿಯನ್ನು ಹತ್ತಿರದಿಂದ ತೋರಿಸಿದರು. ಯಜಮಾನರು ಸಗಣಿ ನೋಡಿದರು, ಅತ್ತೆಯನ್ನು ನೋಡಿದರು. ಕೊಟ್ಟಿಗೆ ಇರಲಿ ಎಂದರು. ತಿಂಡಿ ಮಾತ್ರ ಅವರಿಗೆ ಆಮೇಲೆ ರುಚಿಸಲಿಲ್ಲವಂತೆ.

ಅವತ್ತು ಮಧ್ಯಾಹ್ನ ಅತ್ತೆ ಊಟಕ್ಕೆ ಮನೆಗೆ ಬರಲಿಲ್ಲ. ಹುಡುಕಿಕೊಂಡು ಹೋದೆ. ಸಣಕಲನ ಮೂಲೆಯಲ್ಲಿ, ಅವನ ಪಾಲಿನ ಏಪ್ರನ್ ತೊಟ್ಟು ಕೂತಿದ್ದರು. ಬಾಟಲಿ ಖಾಲಿಯಾಗಿ ಪಕ್ಕದಲ್ಲಿ ಉರುಳಿತ್ತು. ಅವನ ತಲೆ ಅವರ ತೊಡೆಯ ಮೇಲಿತ್ತು, ಕಿವಿ ಬೆಚ್ಚಗಿತ್ತು, ಗಾಢ ನಿದ್ದೆ. ಕುಡಿಸಿ ಆಯಿತಲ್ಲ, ಏಳಿ ಅತ್ತೆ, ಮಾವ ಕಾಯುತ್ತಿದ್ದಾರೆ ಎಂದೆ.

ಅತ್ತೆ ಅವನ ಕಿವಿ ಸವರುವುದನ್ನು ನಿಲ್ಲಿಸಲಿಲ್ಲ.

"ಇವನ ಹತ್ರ ಕೊನೇಲಿ ಬಂದ್ರೆ ಆಮೇಲೆ ಬೇರೆ ಯಾವ ಕರೂನೂ ಕಾಯ್ತಿರಲ್ಲ ನೋಡಮ್ಮ," ಎಂದರು. "ಮೊದಲು ಕೊಡ್ತಿದ್ದಾಗ ಇವನಿಗೆ ಸಿಗ್ತಿದ್ದಿದ್ದು ನನ್ನ ಅವಸರ ಅಷ್ಟೇ."