ಜಾಯ್‌ಸ್ಟಿಕ್ ಬರುವವರೆಗೆ

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ, ನಾನು ಹೇಳಿ ಮುಗಿಸುವಷ್ಟರಲ್ಲಿ ಅವರಿಗೆ ಆಕಳಿಕೆ ಬಂದಿರುತ್ತದೆ. ಬ್ಯಾಟರಿಯಲ್ಲಿ ಓಡುವ ವೀಲ್‌ಚೇರ್ ಕೆಟ್ಟರೆ ಅದರ ಬಿಡಿಭಾಗಗಳನ್ನು ಇನ್ಶೂರೆನ್ಸ್‌ನವರಿಂದ ಕೊಡಿಸಬೇಕಲ್ಲ, ಅದಕ್ಕೆ ಕೋಡ್ ಹಾಕುವವಳು ನಾನು. ಮೋಟಾರಿಗೆ ಒಂದು ಕೋಡ್, ಮುಂದಿನ ಪುಟ್ಟ ಚಕ್ರಕ್ಕೆ ಒಂದು, ಅದರ ಟೈರಿಗೆ ಮತ್ತೊಂದು. ದುಬೈನ ಜುಮೇರಾ ಲೇಕ್ ಟವರ್ಸ್‌ನ ಆಫೀಸಿನಲ್ಲಿ ಕೂತು ವರ್ಷಗಟ್ಟಲೆ ಇದನ್ನೇ ಮಾಡಿದ್ದೇನೆ. ಒಂದು ವೀಲ್‌ಚೇರನ್ನೂ ಕೈಯಿಂದ ಮುಟ್ಟಿಲ್ಲ.

ಕೋಡಿನ ಪಕ್ಕ ಎರಡಕ್ಷರದ ಒಂದು ಗುರುತು ಹಾಕಬೇಕು. ಹಳೆಯದು ಕೆಟ್ಟಿದೆ, ಅದರ ಬದಲಿಗೆ ಇದು ಎಂದು ಅದರ ಅರ್ಥ. ಅದನ್ನು ಬಿಟ್ಟರೆ, ಆಗಲೇ ಒಂದು ಕೊಟ್ಟಾಗಿದೆ, ಇನ್ನೊಂದು ಯಾಕೆ ಎಂದು ಕ್ಲೇಮ್ ವಾಪಸ್ ಬರುತ್ತದೆ. ಹೊಸದಾಗಿ ಸೇರಿದವರಿಗೆ ಮೊದಲ ದಿನ ನಾನೇ ಹೇಳಿಕೊಡುವ ಪಾಠ ಇದು. ಒಂದು ಶುಕ್ರವಾರ, ಅರ್ಧ ದಿನದ ಆಫೀಸು, ಟ್ರಾಫಿಕ್ ಶುರುವಾಗುವ ಮುಂಚೆ ಶಾರ್ಜಾದ ಮನೆ ಸೇರುವ ಆತುರದಲ್ಲಿ ಅದನ್ನು ನಾನೇ ಬಿಟ್ಟೆ.

ಅಬುಧಾಬಿಯ ಖಾಲಿದಿಯಾದಲ್ಲಿದ್ದ, ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಒಬ್ಬ ಹೆಂಗಸಿನ ಕುರ್ಚಿಯನ್ನು ನಡೆಸುವ ಜಾಯ್‌ಸ್ಟಿಕ್ ಅದು. ಬಾಗಲಕೋಟೆ ಕಡೆಯವರು. ಗಂಡ ಎಂಜಿನಿಯರ್, ಬೆಳಿಗ್ಗೆ ಸೈಟಿಗೆ ಹೋದರೆ ಬರುವುದು ಸಂಜೆಯೇ. ಆಕೆಗೆ ಕಾಲುಗಳಲ್ಲೂ ಎಡಗೈಯಲ್ಲೂ ಬಲವಿರಲಿಲ್ಲ. ಬಲಗೈಯಲ್ಲಿ ಜಾಯ್‌ಸ್ಟಿಕ್ ಹಿಡಿದು ಅಡುಗೆಮನೆ, ಬಚ್ಚಲು ಎಂದು ಮನೆಯೆಲ್ಲ ತಾವೇ ಓಡಾಡಿಕೊಂಡಿದ್ದರು. ಅದು ಕೆಟ್ಟ ದಿನದಿಂದ ಕುರ್ಚಿ ನಿಂತಲ್ಲೇ ನಿಂತಿತ್ತು.

ಕ್ಲೇಮ್ ವಾಪಸ್ ಬಂದಾಗ ಒಂದೇ ನೋಟಕ್ಕೆ ನನ್ನ ತಪ್ಪು ಗೊತ್ತಾಯಿತು. ತಪ್ಪು ನಮ್ಮದು ಎಂದು ಸೂಪರ್‌ವೈಸರ್‌ಗೆ ಬರೆದುಕೊಟ್ಟಿದ್ದರೆ ಅವರು ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿ ಎರಡು ದಿನದಲ್ಲಿ ಮುಗಿಸುತ್ತಿದ್ದರು. ಆದರೆ ಆ ತಿಂಗಳು ನನ್ನ ಇನ್ನೊಂದು ತಪ್ಪು ಆಗಲೇ ಸಿಕ್ಕಿಬಿದ್ದಿತ್ತು. ನನ್ನ ಗಂಡನ ಕೆಲಸ ಹೋಗಿ, ಮನೆಮಂದಿಯೆಲ್ಲರ ವೀಸಾ ನನ್ನ ವೀಸಾಕ್ಕೆ ಜೋತುಬಿದ್ದಿತ್ತು. ಹೆದರಿದೆ. ಸದ್ದಿಲ್ಲದೆ ಗುರುತು ಸೇರಿಸಿ ಮಾಮೂಲಿ ಸಾಲಿಗೆ ಹಾಕಿದೆ. ಮಾಮೂಲಿ ಸಾಲು ಎಂದರೆ ವಾರಗಳು.

"ಇನ್ಶೂರೆನ್ಸ್‌ನವರು ರಿಜೆಕ್ಟ್ ಮಾಡಿಬಿಟ್ಟರು, ಮತ್ತೆ ಕಳಿಸಿದ್ದೀನಿ," ಎಂದು ಆಕೆಗೆ ಫೋನಿನಲ್ಲಿ ಹೇಳಿದೆ.

"ಅವ್ರು ಹಂಗ ಬಿಡ್ರಿ ಅಕ್ಕಾರ. ನೀವರ ಏನ್ ಮಾಡ್ತೀರಿ," ಎಂದು ನನಗೇ ಸಮಾಧಾನ ಹೇಳಿದರು.

ಆಮೇಲೆ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಕನ್ನಡ ಮಾತಾಡುವವರು ಸಿಕ್ಕಿದ್ದೇ ಅವರಿಗೆ ಖುಷಿ. ಮಾತಿನ ಹಿಂದೆ ಕೆಟ್ಟ ಕುರ್ಚಿಯ ಅಲಾರಂ ಕುಂಯ್ ಕುಂಯ್ ಎನ್ನುತ್ತಿರುತ್ತಿತ್ತು. "ಮುಂಜಾನೆ ಎಲ್ಲಿ ಕುಂದ್ರಿಸಿ ಹೋಗ್ತಾರಲ್ರಿ, ಸಂಜೀತನಕ ಅಲ್ಲೇ," ಎಂದು ಒಮ್ಮೆ ನಕ್ಕರು. "ನೀರು ಕುಡಿಯೂದ ಬಿಟ್ಟೇನ್ರಿ ಈಗ. ಕುಡದ್ರ ಬಚ್ಚಲಕ್ಕ ಹೋಗಬೇಕಲ್ರಿ."

"ಅಯ್ಯೋ, ಹಾಗೆ ಮಾಡಬೇಡಿ, ನೀರು ಕುಡೀರಿ," ಅಂದೆ. ಉಪದೇಶ ಬೇರೆ ನನ್ನದು. ಅವತ್ತೇ ಎದ್ದು ಸೂಪರ್‌ವೈಸರ್ ಕೋಣೆಗೆ ಹೋಗಬಹುದಿತ್ತು, ಬಾಗಿಲು ಹತ್ತು ಹೆಜ್ಜೆ ದೂರದಲ್ಲಿತ್ತು. ಹೋಗಲಿಲ್ಲ.

ಈಗ ಆಫೀಸಿನಲ್ಲಿ ನೀರಿನ ಲೋಟ ಎತ್ತಿದರೆ ಆ ನಗು ಕೇಳಿಸುತ್ತದೆ. ಲಿಫ್ಟಿನ ಬಾಗಿಲು ಮುಚ್ಚದೆ ಕುಂಯ್ ಎಂದರೂ ಸಾಕು, ಹಿಂದೆ ಆಕೆ ಕೂತಿದ್ದಾರೆ ಅನ್ನಿಸುತ್ತದೆ. ತಿರುಗಿ ನೋಡಲು ಧೈರ್ಯ ಬರುವುದಿಲ್ಲ. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದ್ದೂ ಉಂಟು.

ಆರನೆಯ ವಾರ ಅಪ್ರೂವಲ್ ಬಂತು. ಖುಷಿಯಿಂದ ನಾನೇ ಫೋನ್ ಮಾಡಿದೆ. ಎತ್ತಿದ್ದು ಗಂಡ.

"ಇನ್ನ ಅದು ಬ್ಯಾಡ್ರಿ ಮೇಡಂ," ಅಂದರು. ಮೂತ್ರದ ಸೋಂಕು ಕಿಡ್ನಿಗೆ ಏರಿ, ರಕ್ತಕ್ಕೆ ಹರಡಿ, ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದು ಆಕೆ ತೀರಿಕೊಂಡಿದ್ದರು. ನೀರು ಕುಡಿಯದೆ ಹೀಗಾಯಿತು ಎಂದರಂತೆ ಡಾಕ್ಟರು. ಆಮೇಲೆ ಅವರೇ ಹೇಳಿದರು: "ಆಕಿ ನಿಮ್ಮನ್ನ ಭಾಳ ನೆನಸ್ತಿದ್ಲ್ರಿ. ಆ ಅಕ್ಕಾರು ನನ್ನ ಸಲುವಾಗಿ ಇನ್ಶೂರೆನ್ಸ್‌ನವರ ಕೂಡ ಜಗಳಾಡಾಕತ್ತಾರ ಅಂತಿದ್ಲು."

ಆಗಲಾದರೂ ಬಾಯಿ ಮುಚ್ಚಿಕೊಂಡಿರಬಹುದಿತ್ತು. ಅವರು ನನ್ನನ್ನು ಏನೂ ಕೇಳಿರಲಿಲ್ಲ.

"ಹೌದು ಸರ್," ಅಂದೆ. "ನಾನೂ ಎಷ್ಟೋ ಹೇಳಿದೆ. ಇನ್ಶೂರೆನ್ಸ್‌ನವರು ಕೇಳಲೇ ಇಲ್ಲ."

"ಭಾಳ ಉಪಕಾರ ಆತ್ರಿ," ಎಂದು ಅವರು ಫೋನ್ ಇಟ್ಟರು.