ಎರಡೇ ಚಕ್ರ ಸಾಕಿತ್ತು

ಕಬ್ಬಿಣಕ್ಕೆ ಬಾಯಿಲ್ಲ, ನಮ್ಮ ಮನೆಯವರಿಗೆ ಕಿವಿಯಿಲ್ಲ ಎಂದು ಗೇಟಣ್ಣನ ಹೆಂಡತಿ ಹೇಳುವುದುಂಟು. ವೆಲ್ಡಿಂಗ್ ಕೆಲಸದ ಮನುಷ್ಯ. ಆ ಬೀದಿಯಲ್ಲಿ ಅವನ ಕೈ ತಾಗದ ಗೇಟಿಲ್ಲ, ಕಿಟಕಿ ಸರಳಿಲ್ಲ. ಹೆತ್ತವರಿಟ್ಟ ಹೆಸರು ಯಾವ ಮೂಲೆ ಸೇರಿತೋ ಏನೋ, ಕಡೆಗೆ ಗೇಟಣ್ಣ ಅನ್ನುವುದೇ ಉಳಿದುಕೊಂಡಿತು.

ಕೆಲಸದಲ್ಲಿ ಅವನದೊಂದು ಹಟ. ಏನು ಮಾಡಿದರೂ ನಟ್ಟು ಬೋಲ್ಟು ನಂಬುವವನಲ್ಲ. "ಬೋಲ್ಟು ಅಂದ್ರೆ ಬಾಡಿಗೆಯವನ ಹಾಗೆ. ಯಾವತ್ತು ಬೇಕಾದ್ರೂ ಖಾಲಿ ಮಾಡ್ಕೊಂಡು ಹೋಗ್ತಾನೆ. ವೆಲ್ಡಿಂಗ್ ಅಂದ್ರೆ ಮದುವೆ, ಕೂಡಿಸಿದ್ರೆ ಮುಗೀತು" ಎಂದು ಗಿರಾಕಿಗಳಿಗೆ ಉಪದೇಶ ಮಾಡುತ್ತಿದ್ದ. ಒಳಗಿಂದ ಹೆಂಡತಿ, "ಅದಕ್ಕೇ ನೋಡಿ, ಮನೆ ತುಂಬ ಸುಟ್ಟ ವಾಸನೆ" ಅನ್ನುವಳು. ಗಿರಾಕಿ ನಗುವನು. ಗೇಟಣ್ಣ ಮುಖಕ್ಕೆ ಗುರಾಣಿ ಇಳಿಸಿಕೊಂಡು ಕಿಡಿ ಹಾರಿಸಲು ಶುರು ಮಾಡುವನು.

ಅವನ ಜೊತೆಗೆ ತಂಗಿಯೂ ಇದ್ದಳು. ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಹಾಕಿಕೊಂಡು ಬಟ್ಟೆ ಹೊಲಿಯುತ್ತಿದ್ದ ಅವಳು ಊರಿಗೆಲ್ಲ ಟೈಲರಕ್ಕ. ಎಳವೆಯಲ್ಲಿ ಬಂದ ಒಂದು ಜ್ವರ ಎಡಗಾಲನ್ನು ಸೊರಗಿಸಿಬಿಟ್ಟು ಹೋಗಿತ್ತು. ಅಮ್ಮ ಕೂಲಿಗೆ ಹೊರಡುವಾಗ ಅವಳ ಪುಟ್ಟ ಕೈಯನ್ನು ಮಗನ ಕೈಗೆ ಕೊಟ್ಟು, "ಬಿಡಬೇಡ ಮಗಾ" ಅನ್ನುತ್ತಿದ್ದಳು. ಸಂಜೆ ಬಂದು ವಾಪಸು ತೆಗೆದುಕೊಳ್ಳುತ್ತಿದ್ದಳು. ಒಂದು ಸಲ ಅಮ್ಮನೇ ವಾಪಸು ಬರಲಿಲ್ಲ, ಆಸ್ಪತ್ರೆಯಿಂದ ಸುದ್ದಿ ಬಂತು. ಕೈ ಅವನ ಕೈಯಲ್ಲೇ ಉಳಿಯಿತು.

ಅವತ್ತಿನಿಂದ ತಂಗಿ ಎಡವಿದ ಕಡೆಯೆಲ್ಲ ಒಂದು ಸರಳು ಹುಟ್ಟತೊಡಗಿತು. ಬಚ್ಚಲಲ್ಲಿ ಸರಳು, ಮೆಟ್ಟಿಲ ಪಕ್ಕ ಸರಳು, ಹಿತ್ತಲಿಗೆ ಹೋಗುವ ಓಣಿಯಲ್ಲಿ ಉದ್ದಕ್ಕೂ ಸರಳು. ಮನೆಗೆ ಬಂದವರು, "ಇದೇನಪ್ಪ, ಮನೆಯೋ ಬಸ್ಸೋ? ಟಿಕೇಟು ಯಾರು ಕೊಡ್ತಾರೆ?" ಎಂದು ತಮಾಷೆ ಮಾಡುತ್ತಿದ್ದರು. ತಂಗಿಯೂ ನಗುತ್ತಿದ್ದಳು. ಬಾಯಿ ಬಿಟ್ಟು ಪ್ರೀತಿ ಹೇಳಲು ಬಾರದ ಅಣ್ಣ ಕಬ್ಬಿಣದಲ್ಲಿ ಹೇಳುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಒಮ್ಮೊಮ್ಮೆ ಮಾತ್ರ, ಹಿಡಿಯಬೇಕಾದ ಅಗತ್ಯವಿಲ್ಲದ ಕಡೆಯೂ ಅವನ ಸಮಾಧಾನಕ್ಕೆಂದು ಸರಳು ಹಿಡಿದು ನಡೆಯುತ್ತಿದ್ದಳು.

ಹೀಗಿರುವಾಗ ತಂಗಿ ಒಂದು ಸೈಕಲ್ ಕೊಂಡಳು. ತಾನೇ ಹೊಲಿದು ಕೂಡಿಟ್ಟ ದುಡ್ಡು, ತಾನೇ ಆರಿಸಿದ ನೀಲಿ ಬಣ್ಣ. ಅಂಗಡಿಯ ಹುಡುಗ ತಳ್ಳಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿ ಹೋದ. ಹ್ಯಾಂಡಲ್ಲಿಗೆ, ಸೀಟಿಗೆ ಇನ್ನೂ ಪ್ಲಾಸ್ಟಿಕ್ ಸುತ್ತಿತ್ತು. ಅದನ್ನೂ ತೆಗೆಯಲು ಬಿಡದೆ ಅವಳು ಬಾಗಿಲಿಗೊರಗಿ ನಿಂತು ನೋಡಿದಳು, ತೊಟ್ಟಿಲಲ್ಲಿರುವ ಕೂಸನ್ನು ನೋಡುವ ಹಾಗೆ.

ಹೊಸ ಸೈಕಲ್ ಬಂದರೆ ಬೀದಿಯವರಿಗೆಲ್ಲ ಬುದ್ಧಿ ಬಂದುಬಿಡುತ್ತದೆ. ಎದುರುಮನೆಯ ಅಜ್ಜಿ, "ಮುಂದೆ ಒಂದು ಬುಟ್ಟಿ ಹಾಕಿಸು, ನನ್ನ ತರಕಾರಿ ನೀನೇ ತರಬಹುದು" ಅಂದಳು. ಪಕ್ಕದ ಮನೆಯ ಕ್ಷೌರದವನು ಸೀಟು ಒತ್ತಿ ನೋಡಿ, "ಇದು ಕಲ್ಲು. ಸ್ಪಂಜಿನ ಕವರ್ ಹಾಕಿಸದಿದ್ರೆ ಕೂತವರಿಗೆ ಏಳೋಕಾಗಲ್ಲ" ಎಂದ. ಬೆಲ್ಲು ಬದಲಾಯಿಸು, ಕ್ಯಾರಿಯರ್ ದೊಡ್ಡದು ಮಾಡಿಸು, ಚೈನಿಗೆ ಮುಚ್ಚಳ ಹಾಕಿಸು. ತಂಗಿ ಎಲ್ಲದಕ್ಕೂ ಒಂದೇ ಉತ್ತರ ಕೊಟ್ಟಳು: "ಅಂಗಡಿಯಿಂದ ಹೇಗೆ ಬಂತೋ ಹಾಗೇ ಇರಲಿ."

ಗೇಟಣ್ಣ ಆಗಲೇ ಕೆಲಸಕ್ಕಿಳಿದಿದ್ದ. ಸೈಕಲ್ಲಿನ ಹಿಂದೆ ಕುಕ್ಕುರುಗಾಲಲ್ಲಿ ಕೂತು, ಹಿಂದಿನ ಚಕ್ರದ ಎರಡೂ ಪಕ್ಕ ಗೇಣು ಹಾಕಿ ಅಳೆಯುತ್ತಿದ್ದ. ಅವನ ಹೆಂಡತಿ ಅದನ್ನು ನೋಡಿದಳು.

"ರೀ, ಏನು ಅಳೀತಿದ್ದೀರಿ?"

"ಏನಿಲ್ಲ. ಈ ಕಡೆ ಒಂದು ಚಿಕ್ಕ ಚಕ್ರ, ಆ ಕಡೆ ಒಂದು ಚಿಕ್ಕ ಚಕ್ರ. ಆಮೇಲೆ ಬಿರುಗಾಳಿ ಬಂದ್ರೂ ಬೀಳಲ್ಲ."

"ನಿಮ್ಮ ಕೈಗೆ ಸಿಕ್ಕಿದ್ದೆಲ್ಲ ಕೊನೆಗೆ ಗೇಟೇ ಆಗೋದು. ಅವಳ ಸೈಕಲ್ಲು, ಅವಳನ್ನ ಕೇಳಿ."

ತಂಗಿ ಒಳಗಿಂದಲೇ, "ಅಣ್ಣ, ಬೇಡ" ಅಂದಳು.

"ಬೇಡ ಅಂದ್ರೆ? ಎಡಗಾಲು ಊರಿ ನಿಲ್ಲಿಸೋಕಾಗುತ್ತಾ ನಿನಗೆ?"

"ಬಲಗಾಲು ಊರ್ತೀನಿ."

"ಎಡಕ್ಕೆ ವಾಲಿದ್ರೆ?"

"ಎಡಕ್ಕೆ ಯಾಕೆ ವಾಲಲಿ? ಸೈಕಲ್ಲಿಗೇನು ನನ್ನ ಮೇಲೆ ಹಗೆಯಾ?"

ಗೇಟಣ್ಣನಿಗೆ ನಗು ಬರಲಿಲ್ಲ. ಆಗ ಅವಳು ಹೊರಗೆ ಬಂದು, ಚಿಕ್ಕವಳಿದ್ದಾಗ ಏನಾದರೂ ಬೇಕಾದರೆ ಹಿಡಿಯುತ್ತಿದ್ದ ಹಾಗೆ ಅವನ ಅಂಗಿಯ ತುದಿ ಹಿಡಿದಳು. "ಭಾನುವಾರದವರೆಗೆ ತಡಿ ಅಣ್ಣ. ಭಾನುವಾರ ಬೆಳಿಗ್ಗೆ ನೀನು ಇಲ್ಲೇ ಗೇಟಿನ ಹತ್ತಿರ ನಿಂತ್ಕೋ. ನಾನು ಬೀದಿ ತುದಿವರೆಗೆ ಹೋಗಿ ಬರ್ತೀನಿ. ಆಮೇಲೂ ನಿನಗೆ ಬೇಕು ಅನ್ನಿಸಿದ್ರೆ ನಾಲ್ಕಲ್ಲ, ಹತ್ತು ಚಕ್ರ ಹಾಕು."

ಇಷ್ಟು ಸ್ಪಷ್ಟವಾಗಿ ಯಾರೂ ಹೇಳಲಾರರು. ಆದರೆ ಗೇಟಣ್ಣನ ತಲೆಗೆ ಹೊಕ್ಕಿದ್ದು ಒಂದೇ ಚಿತ್ರ. ಭಾನುವಾರ ಬೆಳಿಗ್ಗೆ, ನಡುಬೀದಿ, ಎಲ್ಲರ ಕಣ್ಣೆದುರು ಮಣ್ಣಿನಲ್ಲಿ ಬಿದ್ದ ತಂಗಿ, ಮೇಲೆ ಸೈಕಲ್ಲು. ಗುಂಡಿಗೆ ಬಿದ್ದ ಕರುವಿನ ಹಾಗೆ ಆ ಚಿತ್ರ ಅವನೊಳಗೆ ಒದ್ದಾಡಿತು. ನಿನಗೆ ಬರುತ್ತಾ, ಎಲ್ಲಿ ಕಲಿತೆ ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಅವಳಿಗೆ ಬರುವುದಿಲ್ಲ ಅನ್ನುವುದು ಅವನಿಗೆ ಗೊತ್ತಿದ್ದ ಸಂಗತಿ, ಗೊತ್ತಿದ್ದದ್ದನ್ನು ಯಾರಾದರೂ ಕೇಳುತ್ತಾರೆಯೇ?

ಶನಿವಾರ ತಂಗಿ ಶಾಲೆಗೆ ಯೂನಿಫಾರಂ ಕೊಡಲು ಹೋಗಿದ್ದಳು. ಅತ್ತಿಗೆ ತವರಿಗೆ ಹೋಗಿದ್ದಳು. ಗೇಟಣ್ಣ ಸೈಕಲ್ಲನ್ನು ಮೆಲ್ಲಗೆ ವರ್ಕ್‌ಶಾಪಿಗೆ ತಳ್ಳಿಕೊಂಡು ಹೋದ. ಹಳೆಯ ಕೈಗಾಡಿಯೊಂದರಿಂದ ಬಿಚ್ಚಿಟ್ಟ ಎರಡು ಚಕ್ರಗಳಿದ್ದವು. ಅವುಗಳಿಗೆ ಸರಳು ಬಗ್ಗಿಸಿ ತೋಳು ಮಾಡಿದ. ಬೋಲ್ಟು ಹಾಕಿ ಬಿಗಿದಿದ್ದರೆ ಬೇಡವೆಂದಾಗ ಬಿಚ್ಚಬಹುದಿತ್ತು. ಆದರೆ ಅವನು ಗೇಟಣ್ಣ, ತಂಗಿಯ ಜೀವವನ್ನು ಬೋಲ್ಟಿನ ಕೈಗೆ ಕೊಡುವನೇ? ನೇರ ಚೌಕಟ್ಟಿಗೇ ಬೆಸೆದ. ಗೇಟಿನ ದಪ್ಪ ಕಬ್ಬಿಣಕ್ಕೆ ಒಗ್ಗಿದ ಕೈ ಅದು, ಸೈಕಲ್ಲಿನ ಕೊಳವೆಯೋ ತೆಳು. ಒಂದು ಕಡೆ ತೂತೇ ಬಿತ್ತು. ಆ ತೂತಿಗೆ ತೇಪೆ, ತೇಪೆಗೆ ಇನ್ನೊಂದು ತೇಪೆ. ನೀಲಿ ಬಣ್ಣ ಬೊಬ್ಬೆ ಎದ್ದು ಉದುರಿತು. ಅಲ್ಲಿಗೆ ಗೇಟಿನ ಕಪ್ಪು ಬಣ್ಣ ಬಳಿದ. ಪ್ಲಾಸ್ಟಿಕ್ ಕರಗಿ ಅಂಟಿಕೊಂಡಿದ್ದನ್ನು ಕೆರೆದು ತೆಗೆದ. ಮೇಲೆ ತಾನೇ ಕೂತು, ಎಡಕ್ಕೂ ಬಲಕ್ಕೂ ವಾಲಿಸಿ ನೋಡಿದ. ಬಂಡೆಯ ಹಾಗೆ ನಿಂತಿತು. ಅವನ ಎದೆಯ ಭಾರ ಇಳಿಯಿತು.

ಭಾನುವಾರ ಬೆಳಿಗ್ಗೆ ತಂಗಿ ತಲೆ ಬಾಚಿಕೊಂಡು, ತಾನೇ ಹೊಲಿದ ಹೊಸ ಬಟ್ಟೆ ತೊಟ್ಟು ಹೊರಗೆ ಬಂದಳು. ಸೈಕಲ್ಲು ನೋಡಿದಳು. ಸುಮಾರು ಹೊತ್ತು ನೋಡಿದಳು.

"ಹೇಗಿದೆ?" ಅಂದ ಗೇಟಣ್ಣ. ಮುಖ ಅರಳಿಸಿಕೊಂಡು ನಿಂತಿದ್ದ.

"ಚೆನ್ನಾಗಿದೆ ಅಣ್ಣ" ಅಂದಳು.

ಏರಿ ಕೂತಳು. ಗೇಟಿನಿಂದ ಹೊರಗೆ ಹೊರಟಳು. ಪಕ್ಕದ ಚಕ್ರಗಳು ಗರಗರ ಸದ್ದು ಮಾಡುತ್ತಿದ್ದವು. ಬೀದಿಯವರೆಲ್ಲ ಬಾಗಿಲಿಗೆ ಬಂದರು. ಕ್ಷೌರದವನ ಅಂಗಡಿಯ ಮುಂದೆ ರಸ್ತೆ ಚೂರು ಕುಳಿ ಬಿದ್ದಿತ್ತು. ಅಲ್ಲಿ ಎರಡು ಪುಟ್ಟ ಚಕ್ರಗಳು ಕುಳಿಯ ಅಕ್ಕಪಕ್ಕದ ದಿಬ್ಬದ ಮೇಲೆ ಕೂತುಬಿಟ್ಟವು. ನಡುವಿನ ದೊಡ್ಡ ಚಕ್ರ ನೆಲ ಬಿಟ್ಟು ಗಾಳಿಯಲ್ಲಿ ತೂಗಾಡಿತು. ತಂಗಿ ತುಳಿದಳು. ಚಕ್ರ ತಿರುಗಿತು, ಸೈಕಲ್ಲು ಕದಲಲಿಲ್ಲ. ಇನ್ನೂ ಜೋರಾಗಿ ತುಳಿದಳು.

"ಟೈಲರಕ್ಕ, ಹೊಲಿಗೆ ಮಿಷನ್ ಅಂದ್ಕೊಂಡ್ಯಾ? ಕೂತಲ್ಲೇ ತುಳೀತಿದ್ದೀಯಲ್ಲ!" ಎಂದ ಕ್ಷೌರದವನು. ಕೆಟ್ಟ ಮನಸ್ಸಿನವನಲ್ಲ, ಬಾಯಿ ಅಷ್ಟೇ. ಎಲ್ಲರೂ ನಕ್ಕರು. ಗೇಟಣ್ಣ ಓಡಿಬಂದು ಹಿಂದಿನಿಂದ ನೂಕಿದ. ನೂಕುತ್ತ, "ನೋಡು, ನೋಡಿದ್ಯಾ? ಬೀಳಲೇ ಇಲ್ಲ!" ಎಂದು ಕೂಗಿದ. ಅವನಷ್ಟು ಸಂತೋಷವಾಗಿದ್ದವರು ಆ ಬೀದಿಯಲ್ಲಿ ಅವತ್ತು ಯಾರೂ ಇರಲಿಲ್ಲ.

ಆಮೇಲೂ ಅವಳು ಅದನ್ನು ಹೊರಗೆ ತೆಗೆದದ್ದುಂಟು, ಅಣ್ಣನ ಸಲುವಾಗಿ. ಕುಳಿ ಬಂದಲ್ಲೆಲ್ಲ ನಿಲ್ಲುವುದು, ಯಾರಾದರೂ ಬಂದು ನೂಕುವವರೆಗೆ ಕಾಯುವುದು. ತಿರುವಿನಲ್ಲಿ ವಾಲಲು ಬಿಡದೆ ಅದು ಅವಳನ್ನು ಹೊರಕ್ಕೆ ಎಸೆಯುವ ಹಾಗೆ ಮಾಡುತ್ತಿತ್ತು. ಬರಬರುತ್ತ ಸೈಕಲ್ಲು ಗೋಡೆಗೊರಗಿತು. ಗೋಡೆಗೊರಗಿದ್ದರ ಮೇಲೆ ಒದ್ದೆ ಟವೆಲ್ಲು ಬಿತ್ತು, ಆಮೇಲೆ ಮನೆಮಂದಿಯ ಬಟ್ಟೆಯೆಲ್ಲ ಬಿತ್ತು. ತವರಿಂದ ಬಂದ ಅತ್ತಿಗೆ ಅದನ್ನು ನೋಡಿ ಗಂಡನನ್ನು ಬೈಯಲೂ ಇಲ್ಲ. ಬೈಗುಳಕ್ಕೆ ಹೊಂದುವ ಮಾತು ಸಿಗಲಿಲ್ಲವೇನೋ.

ಅವಳ ಆಸೆ ತೀರಿತು ಅಂದುಕೊಂಡು ಗೇಟಣ್ಣ ನೆಮ್ಮದಿಯಾಗಿದ್ದ. ಒಂದು ಮಧ್ಯಾಹ್ನ ಶಾಲೆಯ ಕಾವಲುಗಾರ ಮುರಿದ ಚಿಲಕ ಹಿಡಿದು ವರ್ಕ್‌ಶಾಪಿಗೆ ಬಂದ. ಚಿಲಕ ಕೊಟ್ಟು, ಕಟ್ಟೆಯ ಮೇಲೆ ಕೂತು, "ಏನಪ್ಪ, ನಿನ್ನ ತಂಗಿ ಈಚೆಗೆ ನಮ್ಮ ಕಡೆ ತಲೆ ಹಾಕ್ತಿಲ್ಲ?" ಎಂದ.

"ಯೂನಿಫಾರಂ ಕೆಲಸ ಮುಗೀತಲ್ಲ."

"ಯೂನಿಫಾರಂ ಅಲ್ಲಪ್ಪ, ಸೈಕಲ್ಲು. ಮಕ್ಕಳು ಮನೆಗೆ ಹೋದ ಮೇಲೆ ಮೈದಾನದಲ್ಲಿ ನನ್ನ ಸೈಕಲ್ ಹೊಡೀತಿದ್ಳಲ್ಲ. ಮೊದಮೊದಲು ಬಿದ್ದೂ ಬಿದ್ದೂ ಮೊಣಕೈ ಎಲ್ಲ ತರಚಿತು. ಬೇಡ ಕಣಮ್ಮ ಅಂದ್ರೆ ಕೇಳೋ ಪೈಕಿನಾ? ಆಮೇಲೆ ನೋಡಬೇಕಿತ್ತು ನೀನು! ಮೈದಾನ ಪೂರ್ತಿ ಸುತ್ತು ಹಾಕೋಳು. ನಮ್ಮ ಅಣ್ಣನಿಗೆ ಹೇಳಬೇಡಿ, ನಾನೇ ತೋರಿಸ್ತೀನಿ ಅಂತಿದ್ಳು. ತೋರಿಸಿದ್ಳು ತಾನೇ?"

ಗೇಟಣ್ಣ ಕೈಯಲ್ಲಿದ್ದ ಚಿಲಕವನ್ನು ತಿರುಗಿಸಿ ತಿರುಗಿಸಿ ನೋಡಿದ. "ನಾಳೆ ಬಾ" ಎಂದು ಅವನನ್ನು ಕಳಿಸಿ, ಮನೆಗೆ ಬಂದು, ಒಣಹಾಕಿದ್ದ ಬಟ್ಟೆಗಳನ್ನೆಲ್ಲ ಎತ್ತಿ ಹಾಕಿ, ಸೈಕಲ್ಲನ್ನು ವರ್ಕ್‌ಶಾಪಿಗೆ ಎಳೆದುಕೊಂಡು ಹೋದ. ತಾನು ಬೆಸೆದದ್ದನ್ನು ತಾನೇ ಕತ್ತರಿಸಲು ಕೂತ. ಕೂಡಿಸುವುದರಲ್ಲಿ ಗಟ್ಟಿಗ, ಕೂಡಿಸಿದ್ದನ್ನು ಬಿಡಿಸಿ ಅಭ್ಯಾಸವಿರಲಿಲ್ಲ. ಪುಟ್ಟ ಚಕ್ರಗಳು ಕಳಚಿ ಬಿದ್ದವು. ಆದರೆ ಬೆಂಕಿ ತಿಂದ ಕೊಳವೆ ಸೊಟ್ಟಗಾಗಿತ್ತು, ತೇಪೆಯ ಬುಡದಲ್ಲಿ ಬಿರುಕು ಬಿಟ್ಟಿತ್ತು. ತಳ್ಳಿದರೆ ಹಿಂದಿನ ಚಕ್ರ ಕುಡುಕನ ಹಾಗೆ ಓಲಾಡಿತು. ಅದರ ಮೇಲೆ ಯಾರನ್ನೂ ಕೂರಿಸುವ ಹಾಗಿರಲಿಲ್ಲ.

ಬರಿಗೈಯಲ್ಲಿ ಮುಂದಿನ ಕೋಣೆಗೆ ಬಂದ. ತಂಗಿ ಗುಂಡಿ ಹೊಲಿಯುತ್ತಿದ್ದಳು.

"ನಿನಗೆ ಬರ್ತಿತ್ತಂತೆ" ಅಂದ.

ಅವಳ ಸೂಜಿ ನಿಂತಿತು. "ಯಾರು ಹೇಳಿದ್ರು?"

"ಅವತ್ತೇ ಯಾಕೆ ಹೇಳಲಿಲ್ಲ? ನಾನು ಹೀಗೆಲ್ಲ ಮಾಡಿಟ್ಟಿದ್ದು ಕಂಡ ತಕ್ಷಣ ಬೈಬಾರದಿತ್ತಾ?"

"ನೀನು ಅಷ್ಟು ಖುಷಿಯಾಗಿ ನಿಂತಿದ್ದೆ. ಬೈಯೋಕೆ ಬಾಯಿ ಬರಲಿಲ್ಲ."

ಗೇಟಣ್ಣ ಹೊಸ್ತಿಲ ಮೇಲೆ ಕೂತ. ಬೇರೆ ಸೈಕಲ್ ತಂದುಕೊಡುತ್ತೇನೆ, ಒಂದು ಬೆರಳೂ ತಾಗಿಸುವುದಿಲ್ಲ ಎಂದ. ಅವಳು ತಲೆಯಾಡಿಸಿದಳು.

"ಬೇಡ ಅಣ್ಣ. ನಾನೇನೂ ಮುನಿಸಿಕೊಂಡಿಲ್ಲ. ಮೊನ್ನೆ ಯಾರಿಗೂ ಹೇಳದೆ ಮೈದಾನಕ್ಕೆ ಹೋಗಿದ್ದೆ, ಕಾವಲುಗಾರರ ಸೈಕಲ್ ಹತ್ತೋಣ ಅಂತ. ಹಿಡ್ಕೊಂಡು ನಿಂತೆ, ಹತ್ತೋಕಾಗಲಿಲ್ಲ. ಅವರು ಬರೋದರೊಳಗೆ ವಾಪಸು ಬಂದುಬಿಟ್ಟೆ. ಮೊದಲು ಬೀಳ್ತೀನಿ ಅನ್ನೋದು ಗೊತ್ತಿತ್ತು, ಹೆದರಿಕೆ ಇರಲಿಲ್ಲ. ಆ ಪಕ್ಕದ ಚಕ್ರಗಳ ಮೇಲೆ ಕೂತೂ ಕೂತೂ, ಅವಿಲ್ಲದಿದ್ರೆ ನಾನು ಬೀಳೋಳೇ ಅಂತ ಮೈಗೆ ಹತ್ತಿಬಿಡ್ತು."

ಹೊರಗೆ ಅತ್ತಿಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ಅವಳೂ ಕೇಳಿಸಿಕೊಂಡಿರಬೇಕು.

ಗೇಟಣ್ಣ, "ಹೇಗಿತ್ತು?" ಎಂದ. "ಮೊದಲನೇ ಸಲ, ಬೀಳದೆ ಹೋದಾಗ?"

ತಂಗಿ ಬಟ್ಟೆಯನ್ನು ಮಡಿಲಿಗೆ ಹಾಕಿಕೊಂಡಳು. "ಸಂಜೆ ಬಿಸಿಲು. ನನ್ನ ನೆರಳು ಪಕ್ಕದಲ್ಲೇ ಬರ್ತಿತ್ತು. ನಡೆಯುವಾಗ ಅದು ಕುಂಟುತ್ತಲ್ಲ, ಅವತ್ತು ಕುಂಟಲಿಲ್ಲ. ಎಲ್ಲರ ನೆರಳಿನ ಹಾಗೇ ಇತ್ತು. ಅದನ್ನೇ ನೋಡ್ತಾ ನೋಡ್ತಾ ಹೋಗಿ ಗೋಡೆಗೆ ಗುದ್ದಿಬಿಟ್ಟೆ!"

ಅವಳು ನಕ್ಕಳು. ಅವನೂ ನಕ್ಕ.

"ನಾನು ಅಲ್ಲಿರಬೇಕಿತ್ತು."

"ನೀನಿದ್ದಿದ್ರೆ ಹಿಂದಿನಿಂದ ಹಿಡ್ಕೊಂಡೇ ಇರ್ತಿದ್ದೆ" ಎಂದಳು ತಂಗಿ. ಕುಹಕವಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಆಮೇಲೆ?"

"ಆಮೇಲೇನು? ಎದ್ದೆ. ಮಣ್ಣು ಕೊಡವಿದೆ. ಮತ್ತೆ ಹತ್ತಿದೆ."

"ಆಮೇಲೆ?"

"ಅಷ್ಟೇ ಅಣ್ಣ" ಎಂದು ಅವಳು ಸೂಜಿಗೆ ದಾರ ಪೋಣಿಸತೊಡಗಿದಳು. ಗೇಟಣ್ಣ ಮಾತ್ರ, ಇನ್ನೂ ಹೇಳುವುದು ಬಾಕಿಯಿದೆಯೇನೋ ಎಂಬಂತೆ, ಹೊಸ್ತಿಲ ಮೇಲಿಂದ ಏಳಲಿಲ್ಲ.